ಅಪ್ಪನಿಗೂ ಲಕ್ವ, ದೊಡ್ಡಪ್ಪನಿಗೂ ಲಕ್ವ: ಜೀನ್ ಟೆಸ್ಟ್ ಮಾಡಿಸಬೇಕಾ?

ಮನೆಯಲ್ಲಿ ಇಬ್ಬರು ಮೂವರಿಗೆ ಸ್ಟ್ರೋಕ್ ಆಗಿದ್ದರೆ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಇದು ವಂಶದಲ್ಲಿ ಬರುತ್ತಾ, ಜೀನ್ ಟೆಸ್ಟ್ ಮಾಡಿಸಿಬಿಡಲಾ? ಅದಕ್ಕೂ ಮೊದಲು ತಿಳಿದುಕೊಳ್ಳಬೇಕಾದದ್ದು ಎರಡಿದೆ. ಅವರಿಗೆ ಆದದ್ದು ಯಾವ ಬಗೆಯ ಸ್ಟ್ರೋಕ್, ಎಷ್ಟನೇ ವಯಸ್ಸಿಗೆ? 78ಕ್ಕೆ, ಇಪ್ಪತ್ತು ವರ್ಷ ಬಿಪಿ ಇದ್ದವರಿಗೆ ಆಗಿದ್ದರೆ ಒಂದು ಲೆಕ್ಕ. 44ಕ್ಕೆ, ಬಿಪಿ-ಶುಗರ್ ಏನೂ ಇಲ್ಲದೆ ಆಗಿದ್ದರೆ ಪೂರಾ ಬೇರೆ ಲೆಕ್ಕ. ಹಳೆಯ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮು ಮನೆಯಲ್ಲಿದ್ದರೆ ಹುಡುಕಿ ತೆಗೆದಿಡಿ. ಎಷ್ಟೋ ಸಲ ದುಬಾರಿ ಟೆಸ್ಟಿಗಿಂತ ಅದರಿಂದಲೇ ಹೆಚ್ಚು ತಿಳಿಯುತ್ತದೆ.

ಲಕ್ವ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಅದು ಒಂದೇ ಕಾಯಿಲೆಯಲ್ಲ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಆಗುವುದುಂಟು, ಹೃದಯದೊಳಗೆ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುವುದುಂಟು, ಮಿದುಳಿನ ಒಳಗಿನ ಸಣ್ಣ ನಾಳ ಮುಚ್ಚುವುದುಂಟು, ನಾಳವೇ ಒಡೆದು ರಕ್ತಸ್ರಾವ ಆಗುವುದುಂಟು. ಜೀನುಗಳೂ ಹಾಗೇ ಪಾಲಾಗಿವೆ. 4ನೇ ಕ್ರೋಮೋಸೋಮಿನಲ್ಲಿ ಪಿಟ್‌ಎಕ್ಸ್2 ಜೀನಿನ ಬಳಿಯ ವ್ಯತ್ಯಾಸ ಹೃದಯದ ಬಡಿತದ ತಾಳ ತಪ್ಪಿಸುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಬಂದು, ಅದರಿಂದ ಸ್ಟ್ರೋಕ್. 7ನೇ ಕ್ರೋಮೋಸೋಮಿನ ಎಚ್‌ಡಿಎಸಿ9 ಬಳಿಯ ವ್ಯತ್ಯಾಸಕ್ಕೆ ನಂಟು ಮುಖ್ಯವಾಗಿ ದೊಡ್ಡ ನಾಳದ ಸ್ಟ್ರೋಕಿನ ಜೊತೆ. 2022ರ ಗಿಗಾಸ್ಟ್ರೋಕ್ ಅಧ್ಯಯನದಲ್ಲಿ 1 ಲಕ್ಷದ 10 ಸಾವಿರ ರೋಗಿಗಳ ಡಿಎನ್‌ಎ ನೋಡಿ ಇಂಥ 89 ಜಾಗಗಳನ್ನು ಗುರುತಿಸಿದರು. ಒಂದೊಂದರ ಪ್ರಭಾವವೂ ಚಿಕ್ಕದು, ಬಹಳಷ್ಟು ಕೆಲಸ ಮಾಡುವುದು ಬಿಪಿಯ ಮೂಲಕವೇ.

ಇವನ್ನೆಲ್ಲ ಕೂಡಿಸಿ ‘ನಿಮ್ಮ ರಿಸ್ಕ್ ಇಷ್ಟು’ ಅಂತ ಅಂಕ ಕೊಡುವ ಟೆಸ್ಟುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಬ್ರಿಟನ್ನಿನ ಬಯೋಬ್ಯಾಂಕಿನ 3 ಲಕ್ಷ ಜನರನ್ನು ನೋಡಿದ 2018ರ ಅಧ್ಯಯನದಲ್ಲಿ ಜೀನ್ ಅಂಕ ಹೆಚ್ಚಿದ್ದ ಗುಂಪಿಗೆ ಕಡಿಮೆ ಇದ್ದ ಗುಂಪಿಗಿಂತ ಸ್ಟ್ರೋಕ್ ಅಪಾಯ ಶೇ. 35 ಜಾಸ್ತಿ ಇತ್ತು. ಸಿಗರೇಟು, ತೂಕ, ಊಟ, ವ್ಯಾಯಾಮದ ವಿಷಯದಲ್ಲಿ ಹದ ತಪ್ಪಿದವರಿಗೆ ಶೇ. 66 ಜಾಸ್ತಿ. ಅಂಥ ಅಂಕಗಳನ್ನು ಕಟ್ಟಿರುವುದೂ ಬಹುಪಾಲು ಯುರೋಪ್ ಮೂಲದವರ ಡಿಎನ್‌ಎ ಮೇಲೆ. ನಮ್ಮವರು ಅದಕ್ಕೆ ದುಡ್ಡು ಸುರಿಯುವ ಬದಲು ಒಂದು ಒಳ್ಳೆಯ ಬಿಪಿ ಮಷೀನ್ ಕೊಳ್ಳುವುದು ವಾಸಿ.

ಒಂದೇ ಜೀನ್ ಕೆಟ್ಟು ಬರುವ ಸ್ಟ್ರೋಕಿನ ವಿಷಯ ಹಾಗಲ್ಲ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಕೆಡಾಸಿಲ್. ಕಾರಣ 19ನೇ ಕ್ರೋಮೋಸೋಮಿನ ನಾಚ್3 ಜೀನ್, 1996ರಲ್ಲಿ ಪತ್ತೆಯಾಯಿತು. 30ರ ಸುಮಾರಿಗೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಂಡು ಶುರುವಾಗುವ ಅರೆತಲೆನೋವು. 40-50ರ ನಡುವೆ ಸಣ್ಣ ಸಣ್ಣ ಸ್ಟ್ರೋಕು. ಆಮೇಲೆ ಮಂಕು, ಮರೆವು, ನಡಿಗೆ ನಿಧಾನ. ಮನೆಯವರು ಇದನ್ನು ಮೂರು ಬೇರೆ ಕಾಯಿಲೆ ಅಂದುಕೊಂಡು ಮೂವರು ಡಾಕ್ಟರ ಹತ್ತಿರ ತೋರಿಸಿರುತ್ತಾರೆ. ಎಂಆರ್‌ಐನಲ್ಲಿ ನೋಡಬೇಕಾದ ಜಾಗ ಟೆಂಪೊರಲ್ ಹಾಲೆಯ, ಅಂದರೆ ಕಿವಿಯ ಪಕ್ಕದ ಮಿದುಳಿನ ಭಾಗದ, ಮುಂತುದಿ. ಬಿಪಿಯಿಂದ ಬರುವ ಬಿಳಿ ಮಚ್ಚೆಗಳು ಅಲ್ಲಿಗೆ ಮುಟ್ಟುವುದು ಅಪರೂಪ, ಕೆಡಾಸಿಲ್‌ನಲ್ಲಿ ಅಲ್ಲಿಯೇ ಎದ್ದು ಕಾಣುತ್ತವೆ. ಅದು ಕಂಡರೆ ಜೀನ್ ಟೆಸ್ಟಿಗೆ ಅರ್ಥವಿದೆ.

ಟೆಸ್ಟ್ ರಿಪೋರ್ಟು ಓದುವುದರಲ್ಲಿ ತಪ್ಪಾಗುವುದು ಹೆಚ್ಚು. ನಾಚ್3 ಪ್ರೋಟೀನಿನಲ್ಲಿ ಒಂದೇ ಮಾದರಿಯ 34 ತುಂಡುಗಳು ಸಾಲಾಗಿವೆ, ಪ್ರತಿ ತುಂಡಿನಲ್ಲೂ 6 ಸಿಸ್ಟೀನ್ (ಪ್ರೋಟೀನು ಕಟ್ಟುವ ಅಮೈನೊ ಆಮ್ಲಗಳಲ್ಲೊಂದು, ಆರ್ಜಿನೀನ್ ಇನ್ನೊಂದು). ಅವು ಜೋಡಿ ಜೋಡಿಯಾಗಿ ಬೆಸೆದುಕೊಂಡು ಪ್ರೋಟೀನಿನ ಆಕಾರ ಹಿಡಿದಿಡುತ್ತವೆ. ಕಾಯಿಲೆ ತರುವ ಬದಲಾವಣೆ ಒಂದು ಸಿಸ್ಟೀನನ್ನು ಸೇರಿಸುತ್ತದೆ ಅಥವಾ ಕಳೆಯುತ್ತದೆ. 5 ಅಥವಾ 7 ಆದಾಗ ಒಂದು ಒಂಟಿ ಉಳಿಯುತ್ತದೆ, ಪ್ರೋಟೀನು ಸಣ್ಣ ನಾಳದ ಗೋಡೆಯಲ್ಲಿ ಗುಡ್ಡೆಯಾಗುತ್ತಾ ಹೋಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ‘ಆರ್ಜಿನೀನ್ ಜಾಗಕ್ಕೆ ಸಿಸ್ಟೀನ್’ ಅಂತ ಇದ್ದರೆ ಗಂಭೀರ. ಸಿಸ್ಟೀನಿನ ಸುದ್ದಿಯೇ ಇಲ್ಲದ ಬದಲಾವಣೆ ತೋರಿಸಿ ಕೆಡಾಸಿಲ್ ಅಂದರೆ ಎರಡನೇ ಅಭಿಪ್ರಾಯ ಕೇಳಿ. ಜೀನಿನ ಎಕ್ಸಾನ್ ಅನ್ನುವ ಭಾಗಗಳಲ್ಲಿ 2ರಿಂದ 24ರವರೆಗೆ ಪೂರ್ತಿ ಓದಿದ್ದಾರಾ ಅನ್ನುವುದನ್ನೂ ಲ್ಯಾಬಿನಲ್ಲಿ ವಿಚಾರಿಸಿ. ಮೊದಲ 6 ತುಂಡುಗಳಲ್ಲಿ ಬದಲಾವಣೆ ಇದ್ದರೆ ಕಾಯಿಲೆ ಬೇಗ, ಜೋರಾಗಿ ಬರುತ್ತದೆ. 7ರಿಂದ 34ರೊಳಗೆ ಇದ್ದರೆ ಸೌಮ್ಯ. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಸಿಸ್ಟೀನ್ ಬದಲಾವಣೆ ಸಿಗುತ್ತದೆ, ಅವರಲ್ಲಿ ಬಹಳ ಜನ ವಯಸ್ಸಾದರೂ ಸ್ಟ್ರೋಕ್ ಕಾಣದವರು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜೀನನ್ನೇ ಸರಿಮಾಡುವ ಔಷಧಿ ಇನ್ನೂ ಇಲ್ಲ, ಆದರೆ ಬೀಡಿ-ಸಿಗರೇಟು ಸೇದುವವರಲ್ಲಿ ಸ್ಟ್ರೋಕ್ ವರ್ಷಗಟ್ಟಲೆ ಮುಂಚೆ ಬರುತ್ತದೆ.

ನನ್ನ ಪ್ರಕಾರ ಇವತ್ತು ಹೆಚ್ಚು ಜನಕ್ಕೆ ಪ್ರಯೋಜನ ಇರುವ ಜೀನ್ ಟೆಸ್ಟ್ ಸ್ಟ್ರೋಕ್ ಬರುತ್ತಾ ಅನ್ನುವುದರದ್ದಲ್ಲ, ಬಂದ ಮೇಲೆ ಕೊಡುವ ಮಾತ್ರೆಯದ್ದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ 75 ಮಿಲಿಗ್ರಾಂ ಸ್ಟ್ರೋಕ್ ಆದ ಎಷ್ಟೋ ಮನೆಗಳಲ್ಲಿ ಇದೆ. ನುಂಗುವಾಗ ಅದಕ್ಕೆ ಶಕ್ತಿ ಇರುವುದಿಲ್ಲ. ಲಿವರಿನಲ್ಲಿ ಸಿವೈಪಿ2ಸಿ19 ಅನ್ನುವ ಕಿಣ್ವ ಅದನ್ನು ಕೆಲಸ ಮಾಡುವ ರೂಪಕ್ಕೆ ತರಬೇಕು. ಈ ಕಿಣ್ವದ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಸ್ಟಾರ್-2 ರೂಪದ ಪ್ರತಿಯಿಂದ ಕೆಲಸ ಮಾಡುವ ಕಿಣ್ವ ತಯಾರಾಗುವುದಿಲ್ಲ. ಒಂದು ಪ್ರತಿ ಇದ್ದರೆ ಮಾತ್ರೆ ಅರೆಬರೆ ಕೆಲಸ ಮಾಡುತ್ತದೆ, ಎರಡೂ ಇದ್ದರೆ ಬಹಳ ಕಡಿಮೆ. ದಕ್ಷಿಣ ಏಷ್ಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನಿಷ್ಠ ಒಂದಾದರೂ ಇಂಥ ಪ್ರತಿ ಹೊತ್ತಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಮಾತ್ರೆಯ ಲೇಬಲ್ಲಿನಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಚೀನಾದಲ್ಲಿ ಈ ರೂಪ ಇದ್ದ 6,412 ಸಣ್ಣ ಸ್ಟ್ರೋಕ್ ರೋಗಿಗಳ ಮೇಲೆ ನಡೆದ ಚಾನ್ಸ್-2 ಪ್ರಯೋಗದಲ್ಲಿ 90 ದಿನದೊಳಗೆ ಮತ್ತೆ ಸ್ಟ್ರೋಕ್ ಆದದ್ದು ಕ್ಲೋಪಿಡೊಗ್ರೆಲ್ ತಗೊಂಡವರಲ್ಲಿ ಶೇ. 7.6, ಅದೇ ಕೆಲಸದ ಇನ್ನೊಂದು ಮಾತ್ರೆ ಟಿಕಾಗ್ರೆಲಾರ್ ತಗೊಂಡವರಲ್ಲಿ ಶೇ. 6. ಗಂಭೀರ ರಕ್ತಸ್ರಾವ ಎರಡರಲ್ಲೂ ಸಮ, ವಸಡು-ಮೂಗಿನಿಂದ ಸೋರುವಂಥ ಸಣ್ಣಪುಟ್ಟದ್ದು ಟಿಕಾಗ್ರೆಲಾರ್‌ನಲ್ಲಿ ಹೆಚ್ಚು.

ತೊಡಕು ಇರುವುದು ಸಮಯದಲ್ಲಿ. ಸಣ್ಣ ಸ್ಟ್ರೋಕ್ ಆದ ಮೇಲೆ ಆಸ್ಪಿರಿನ್ ಜೊತೆ ಎರಡನೇ ಮಾತ್ರೆ ಸಾಮಾನ್ಯವಾಗಿ 21 ದಿನ, ಅಪಾಯ ಹೆಚ್ಚಿರುವುದು ಮೊದಲ ವಾರದಲ್ಲಿ. ರಿಪೋರ್ಟು ಮೂರು ವಾರಕ್ಕೆ ಬಂದರೆ ಆ ಘಟ್ಟ ದಾಟಿರುತ್ತದೆ. ಮುಂದೆ ಕ್ಲೋಪಿಡೊಗ್ರೆಲ್ ಒಂದನ್ನೇ ವರ್ಷಗಟ್ಟಲೆ ನುಂಗಬೇಕಾದವರಿಗೆ ಮಾತ್ರ ಆಗಲೂ ಉಪಯೋಗ ಇದೆ. ಇನ್ನೊಂದು, ಜೀನ್ ಚೆನ್ನಾಗಿದ್ದರೂ ಬೆಳಗ್ಗೆ ನುಂಗುವ ಗ್ಯಾಸ್ ಮಾತ್ರೆ ಒಮೆಪ್ರಜೋಲ್ ಅಥವಾ ಎಸೊಮೆಪ್ರಜೋಲ್ ಆಗಿದ್ದರೆ ಅದೇ ಕಿಣ್ವವನ್ನು ತಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆಯ ಹೆಸರನ್ನೂ ಡಾಕ್ಟರಿಗೆ ತೋರಿಸಿ. ಪ್ಯಾಂಟೊಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಇದನ್ನೋದಿ ಕ್ಲೋಪಿಡೊಗ್ರೆಲ್ ನೀವೇ ನಿಲ್ಲಿಸಬೇಡಿ.

ಹಣ ಪೋಲಾಗುವ ಟೆಸ್ಟ್ ಅಂದರೆ ಎಂಟಿಎಚ್‌ಎಫ್‌ಆರ್ ಜೀನಿನದ್ದು. ಹೆಲ್ತ್ ಪ್ಯಾಕೇಜುಗಳಲ್ಲಿ ತುರುಕಿರುತ್ತಾರೆ. ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ಕಾಲೇಜು 2013ರಲ್ಲೇ ಹೆಪ್ಪುಗಟ್ಟುವ ತೊಂದರೆಗೆ ಇದನ್ನು ಮಾಡಿಸಬೇಡಿ ಅಂದಿದೆ. ಈ ಜೀನಿಗೆ ನಂಟಿರುವ, ರಕ್ತದಲ್ಲಿರುವ ಹೋಮೊಸಿಸ್ಟೀನ್ ಅನ್ನುವ ಅಂಶ ಹೆಚ್ಚಿದ್ದರೆ ನಮ್ಮಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಮೊದಲು ನೋಡಬೇಕಾದದ್ದು ಬಿ12. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಕೊರತೆ ಪೀಳಿಗೆಯಲ್ಲಿ ಬರುವುದು ನಿಜ. ಬಾಣಂತಿಯರಿಗೆ ಆಗುವ ಮಿದುಳಿನ ಅಭಿಧಮನಿಯ ಹೆಪ್ಪಿನಲ್ಲಿ ಅದನ್ನು ಹುಡುಕುತ್ತಾರೆ. ಹೆಪ್ಪು ಕಟ್ಟಿದ ವಾರದಲ್ಲೇ, ಇಲ್ಲವೇ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ನಡೆಯುವಾಗ ರಕ್ತ ತೆಗೆದರೆ ಕೊರತೆ ಇಲ್ಲದವರಲ್ಲೂ ಕಡಿಮೆ ಬರಬಹುದು. ಮೂರು ತಿಂಗಳ ಮೇಲೆ ಮತ್ತೆ ನೋಡದೆ ಕೊರತೆ ಅಂತ ಹಣೆಪಟ್ಟಿ ಹಚ್ಚಬಾರದು.

ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಕಣಗಳಲ್ಲೊಂದಾದ ಲೈಪೊಪ್ರೋಟೀನ್-ಎ ಮಾತ್ರ ಜೀವನದಲ್ಲಿ ಒಮ್ಮೆ ನೋಡಿಸಿ. ಅದರ ಮಟ್ಟ ಬಹುಪಾಲು ಜೀನಿನಿಂದಲೇ ನಿರ್ಧಾರವಾಗುತ್ತದೆ, ಸಾಮಾನ್ಯ ಕೊಲೆಸ್ಟ್ರಾಲ್ ಟೆಸ್ಟಿನಲ್ಲಿ ಬರುವುದಿಲ್ಲ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಹೆಚ್ಚು. ಪಥ್ಯದಿಂದ ಇಳಿಯುವುದಿಲ್ಲ, ಆದ್ದರಿಂದ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ಲನ್ನು ಬಿಗಿಯಾಗಿ ಇಳಿಸುತ್ತಾರೆ.

ಆರೋಗ್ಯವಾಗಿರುವ ಮಕ್ಕಳಿಗೆ, 18 ತುಂಬುವ ಮೊದಲು, ಕೆಡಾಸಿಲ್ ಟೆಸ್ಟ್ ಮಾಡುವುದಿಲ್ಲ. ಗೊತ್ತಾದರೂ ಆ ವಯಸ್ಸಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಮಕ್ಕಳಲ್ಲೇ ಸ್ಟ್ರೋಕ್ ತರಬಲ್ಲ ವಂಶದ ಕಾಯಿಲೆ ಸಿಕಲ್ ಸೆಲ್ ಇದಕ್ಕೆ ತದ್ವಿರುದ್ಧ, ಮಗುವಿನಲ್ಲೇ ಹಿಡಿಯಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಜೀನ್ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ 40 ವರ್ಷದವರೆಗಿನವರ ರಕ್ತ ನೋಡುತ್ತಾರೆ. ಮೊದಲ ಸಾಲ್ಯುಬಿಲಿಟಿ ಟೆಸ್ಟ್ ವಾಹಕರಲ್ಲೂ ಪಾಸಿಟಿವ್ ಬರುವುದರಿಂದ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಟೆಸ್ಟ್ ಆಗದೆ ಗಾಬರಿಯೂ ಬೇಡ, ಸಮಾಧಾನವೂ ಬೇಡ. ಎರಡೂ ಪ್ರತಿ ಕೆಟ್ಟಿರುವ ಮಗುವಿಗೆ 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ಕಣತಲೆಯ ಮೇಲೆ ಡಾಪ್ಲರ್ (ಶಬ್ದದ ಅಲೆಯಿಂದ ನೋಡುವ ಸ್ಕ್ಯಾನ್) ಇಟ್ಟು ಮಿದುಳಿನ ನಾಳದ ರಕ್ತದ ವೇಗ ಅಳೆಯಬೇಕು, ಜ್ವರ ಇಲ್ಲದ ದಿನ, ಮಗು ಎಚ್ಚರವಿರುವಾಗ. ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದರೆ ಸ್ಟ್ರೋಕ್ ಅಪಾಯ ಹತ್ತಿರದಲ್ಲಿದೆ ಅಂತ ಅರ್ಥ. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಸ್ಟ್ರೋಕ್ ಶೇ. 92ರಷ್ಟು ಇಳಿಯಿತು ಅಂತ 1998ರಲ್ಲಿ ಅಮೆರಿಕದ ಸ್ಟಾಪ್ ಪ್ರಯೋಗ ತೋರಿಸಿತು. ಕೆಲವು ಮಕ್ಕಳಿಗೆ ಆಮೇಲೆ ಹೈಡ್ರಾಕ್ಸಿಯೂರಿಯಾ ಮಾತ್ರೆಗೆ ಬದಲಾಯಿಸಬಹುದು, ಡಾಪ್ಲರ್ ಮಾತ್ರ ನಿಲ್ಲಿಸುವಂತಿಲ್ಲ.