ಮರದ ವಾಸನೆ ಹಚ್ಚಿಕೊಳ್ಳುವವರು ಎಂಥವರು?

ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನನ್ನು ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಒಮ್ಮೆ ತೀರ್ಥಹಳ್ಳಿಯ ಬಸ್ಸಿನಲ್ಲಿಯೂ ಜನ ಕೇಳಿರುವ ಪ್ರಶ್ನೆ ಒಂದೇ: ‘ನೀವು ಹಚ್ಚಿಕೊಂಡಿರುವುದು ಯಾವ ಸೆಂಟು?’ ಹೆಸರು ಹೇಳಿದರೆ ಅಲ್ಲಿಗೆ ಮುಗಿಯುವುದಿಲ್ಲ. ಮಲ್ಲಿಗೆ, ಸಂಪಿಗೆಗಳನ್ನು ಬಿಟ್ಟು ಮರದ ವಾಸನೆಯನ್ನು ಮೈಗೆ ಹಚ್ಚಿಕೊಳ್ಳುವ ಹೆಂಗಸಿನ ಸ್ವಭಾವ ಎಂಥದ್ದಿರಬಹುದು ಎಂಬ ಕುತೂಹಲ ಅದರ ಬೆನ್ನಿಗೇ ಬರುತ್ತದೆ. ಕೆಲವರು ಅದನ್ನು ನೇರವಾಗಿ ಕೇಳುತ್ತಾರೆ. ಉಳಿದವರು ‘ನೀವು ಸ್ವಲ್ಪ ಗಂಭೀರ ಅಲ್ಲವೇ’ ಎಂದು ತಾವೇ ತೀರ್ಮಾನಿಸುತ್ತಾರೆ.

ಮೊದಲು ಹೆಸರು ಹೇಳಿಬಿಡುತ್ತೇನೆ. ಪ್ಯಾರಿಸ್ಸಿನಲ್ಲಿ 1961ರಲ್ಲಿ ಆರಂಭವಾದ ಡಿಪ್ಟೀಕ್ ಎಂಬ ಸಂಸ್ಥೆಯು 2003ರಲ್ಲಿ ಹೊರತಂದ ‘ತಾಮ್ ದಾವ್’ ಅದು. ಉತ್ತರ ವಿಯೆಟ್ನಾಮಿನ ಒಂದು ಬೆಟ್ಟಸಾಲಿನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಶ್ರೀಗಂಧ, ಸೀಡರ್, ಸೈಪ್ರೆಸ್ ಮರಗಳ ವಾಸನೆ ಅದರ ಜೀವಾಳ. ಸಿನಿಮಾ ತಾರೆಯರ ಮುಖವಿಲ್ಲದೆ, ಆಯ್ದ ಕೆಲವು ಅಂಗಡಿಗಳಲ್ಲಿ ಸಿಗುವ ಇಂಥ ಸುಗಂಧಗಳನ್ನು ಆ ವ್ಯಾಪಾರದವರು ನಿಶ್ ಎಂದು ಕರೆಯುತ್ತಾರೆ. 1944ರಷ್ಟು ಹಿಂದೆಯೇ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಬಂದ ಊರಿನಲ್ಲಿ ಕುಳಿತು ಪ್ಯಾರಿಸ್ಸಿನಿಂದ ಗಂಧ ತರಿಸುವುದು ಹಾಸ್ಯಾಸ್ಪದ ಎಂಬುದು ನನಗೂ ಗೊತ್ತು. ಬೆಲೆಯನ್ನಂತೂ ಅಮ್ಮನಿಗೆ ಇದುವರೆಗೆ ಹೇಳಿಲ್ಲ.

ಇನ್ನು ಸ್ವಭಾವದ ವಿಷಯ. ಮರದ ಸುಗಂಧಗಳನ್ನು ಮಾರುವವರ ವರ್ಣನೆಗಳಲ್ಲಿ ಅವನ್ನು ಹಚ್ಚಿಕೊಳ್ಳುವವರು ಯಾವಾಗಲೂ ಏಕಾಂತಪ್ರಿಯರು, ಮಿತಭಾಷಿಗಳು, ಏನೋ ಒಂದು ರಹಸ್ಯವನ್ನು ಎದೆಯಲ್ಲಿಟ್ಟುಕೊಂಡವರು. ನಾನಾದರೋ ಬಾಯಿ ಮುಚ್ಚದವಳು. ನನ್ನ ಹೊಟ್ಟೆಯಲ್ಲಿ ಗುಟ್ಟು ಸಂಜೆಯವರೆಗೆ ನಿಂತರೆ ಹೆಚ್ಚು. ಆದ್ದರಿಂದ ನನ್ನ ಉತ್ತರ ಇಷ್ಟು: ಸುಗಂಧವು ಹಚ್ಚಿಕೊಂಡವರ ಗುಣವನ್ನು ಹೇಳುವುದಿಲ್ಲ, ಮೂಸಿದವರ ನೆನಪನ್ನು ಹೊರಗೆಳೆಯುತ್ತದೆ; ಆ ನೆನಪನ್ನೇ ಅವರು ನಮ್ಮ ಗುಣವೆಂದು ನಮಗೆ ಹೊರಿಸುತ್ತಾರೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ತೀರ್ಥಹಳ್ಳಿಯ ಹತ್ತಿರ ಇರುವ ಚಿಕ್ಕಮ್ಮ ನನ್ನ ಭುಜದ ಬಳಿ ಮೂಗು ತಂದು ‘ಎಂತ ಮಾರಾಯ್ತಿ, ಬೀರು ಬಾಗಿಲು ತೆಗೆದ ಹಾಗಿದೆ’ ಎಂದರು. ಅವರ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಗಂಧದ ಚಕ್ಕೆಗಳಿವೆ, ಮತ್ತು ಅದನ್ನು ತೆಗೆಯುವುದು ಹಬ್ಬಕ್ಕೋ ಮದುವೆಗೋ ಮಾತ್ರ. ಹೀಗಾಗಿ ಆ ದಿನವೆಲ್ಲ ನಾನು ಅವರ ಕಣ್ಣಿಗೆ ಬಲು ಮರ್ಯಾದಸ್ಥೆಯಾಗಿ ಕಂಡೆ. ಅದೇ ದಿನ ಅವರ ಮೊಮ್ಮಗ ನನ್ನ ಕೈ ಮೂಸಿ, ಮೆಂಡರ್‌ನಲ್ಲಿ ಪೆನ್ಸಿಲ್ ಹೆರೆದ ವಾಸನೆ ಎಂದು ಘೋಷಿಸಿದ. ಹುಡುಗ ತಪ್ಪು ಹೇಳಲಿಲ್ಲ. ಸೀಡರ್ ಎಂದು ಕರೆಯುವ ಮರಗಳಲ್ಲಿ ಕೆಲವನ್ನು ಬಹುಕಾಲ ಪೆನ್ಸಿಲ್ ಮಾಡಲು ಬಳಸುತ್ತಿದ್ದರು. ಅವನ ಪಾಲಿಗೆ ನಾನು ಹೋಂವರ್ಕ್ ಕೊಡುವ ಮೇಡಂ ಆಗಿಯೇ ಉಳಿದೆ.

ಮೂರನೆಯವರು ಸಾಗರದ ಗುಡಿಗಾರರೊಬ್ಬರು, ವಂಶಪಾರಂಪರ್ಯವಾಗಿ ಗಂಧದ ಮರ ಕೆತ್ತುವ ಹಿರಿಯರು. ಅವರ ಕೈಗೆ ಒಂದು ಹನಿ ಹಾಕಿದಾಗ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ‘ಮೇಡಂ, ಗಂಧ ಇದೆ, ಆದರೆ ಉಳಿ ಇಟ್ಟಾಗ ಏಳುವ ಗಂಧ ಅಲ್ಲ’ ಎಂದರು. ಅವರು ನನ್ನ ಸ್ವಭಾವದ ಬಗ್ಗೆ ಏನನ್ನೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ವಾಸನೆಯನ್ನು ಬಲ್ಲವರು ವಾಸನೆಯ ಬಗ್ಗೆ ಮಾತ್ರ ಮಾತನಾಡುತ್ತಾರೆ. ನಿಂತ ಗಂಧದ ಮರದ ಪಕ್ಕದಲ್ಲಿ ದಿನವೂ ನಡೆದರೂ ಪರಿಮಳ ಬರುವುದಿಲ್ಲ; ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಆ ಎಣ್ಣೆಯ ಸತ್ವವಾದ ಸ್ಯಾಂಟಲಾಲ್ ನಮ್ಮ ಶ್ರೀಗಂಧದಲ್ಲಿ ಹೇರಳವಾಗಿದ್ದು, ಆಸ್ಟ್ರೇಲಿಯಾದ ಸ್ವಂತ ಗಂಧದ ಜಾತಿಯಲ್ಲಿ ಕಡಿಮೆ. ಪ್ರಯೋಗಾಲಯದಲ್ಲಿ ತಯಾರಾದ ಗಂಧದ ವಾಸನೆಯ ರಾಸಾಯನಿಕಗಳೂ ಇಂದಿನ ಸುಗಂಧಗಳಲ್ಲಿ ಸಾಮಾನ್ಯ. ಉಳಿ ಹಿಡಿದು ಬೆಳೆದ ಮೂಗಿಗೆ ಈ ಅಂತರ ತಿಳಿಯದೆ ಇರುತ್ತದೆಯೇ?

ಮೂಗುಗಳ ಈ ಭೇದಕ್ಕೆ ನೆನಪಿನಷ್ಟೇ ದೇಹವೂ ಕಾರಣ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾಗ್ರಾಹಕಗಳಿದ್ದು, ಅವು ಎಲ್ಲರಲ್ಲಿಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನ್ಯೂಯಾರ್ಕಿನ ಲೆ ಲಾಬೊ ಸಂಸ್ಥೆಯ ‘ಸಾಂಟಲ್ 33’ ಎಂಬ ಪ್ರಸಿದ್ಧ ಗಂಧದ ಸುಗಂಧವನ್ನು ಮೂಸಿದ ಅನೇಕರಿಗೆ ಸಬ್ಬಸಿಗೆ ಹಾಕಿದ ಸೌತೆಯ ಉಪ್ಪಿನಕಾಯಿ ನೆನಪಾಗುತ್ತದೆ. ಹಚ್ಚಿಕೊಂಡವರು ತಮ್ಮನ್ನು ನಿಗೂಢರೆಂದು ಭಾವಿಸಿ ಓಡಾಡುತ್ತಿರುವಾಗ ಎದುರಿನವರಿಗೆ ಊಟದ ಡಬ್ಬಿ ಕಾಣುತ್ತಿರಬಹುದು.

ಗಂಡಸರ ವಾಸನೆ, ಹೆಂಗಸರ ವಾಸನೆ ಎಂಬ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. 1992ರಲ್ಲಿ ಶಿಸೈಡೊ ಸಂಸ್ಥೆಗಾಗಿ ಸೆರ್ಜ್ ಲೂಟನ್ಸ್ ರೂಪಿಸಿದ ‘ಫೆಮಿನಿಟೆ ದ್ಯು ಬ್ವಾ’ ಸೀಡರ್ ಮರವನ್ನೇ ಮುಂದಿಟ್ಟುಕೊಂಡು ಹೆಂಗಸರಿಗೆಂದು ಬಂದಿತ್ತು. ನಮ್ಮಲ್ಲಿ ಅದೂ ಬೇಕಿಲ್ಲ. ಅರಿಶಿನ, ಕುಂಕುಮದ ಜೊತೆಗೆ ಗಂಧ ಹಚ್ಚಿಸಿಕೊಳ್ಳದ ಮುತ್ತೈದೆ ಯಾರಿದ್ದಾರೆ?

‘ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು’ ಎಂಬ ಗಾದೆಯನ್ನು ನನ್ನ ವಾದಕ್ಕೆ ಎದುರಾಗಿ ಹಿಡಿಯುವವರಿದ್ದಾರೆ. ಆದರೆ ಗಂಧದವನು ಒಳ್ಳೆಯವನೆಂದು ಆ ಗಾದೆ ಎಲ್ಲಿಯೂ ಹೇಳುವುದಿಲ್ಲ. ಗುದ್ದಾಡುವಷ್ಟು ಜಗಳಗಂಟನೇ ಅವನು. ಅವನ ಕೈಯಲ್ಲಿರುವುದು ನಮ್ಮ ಮೈಗೂ ಅಂಟುತ್ತದೆ, ಅಷ್ಟೇ.

ಹಾಗಾದರೆ ಇದನ್ನೇ ಏಕೆ ಹಚ್ಚಿಕೊಳ್ಳುತ್ತೀರಿ ಎಂದರೆ, ಕಾರಣ ಮಳೆಗಾಲ. ಜೂನ್ ತಿಂಗಳಿನಿಂದ ನಮ್ಮಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಬಿಸಿಗೆ. ಸೀರೆಗೆ ಹೊಗೆಯ ವಾಸನೆ, ಪುಸ್ತಕಕ್ಕೆ ಬೂಸ್ಟಿನ ವಾಸನೆ, ಅಂಗಳಕ್ಕೆ ಕೊಳೆತ ಎಲೆಯ ವಾಸನೆ. ನಿಂಬೆ, ಕಿತ್ತಳೆಗಳ ಹಗುರ ಸುಗಂಧಗಳು ಇವುಗಳ ನಡುವೆ ಅರ್ಧ ಗಂಟೆಯಲ್ಲಿ ಸೋತು ಹೋಗುತ್ತವೆ, ಹೂವಿನವು ಹೊಗೆಯ ಜೊತೆ ಜಗಳವಾಡುತ್ತವೆ. ಮರದ ವಾಸನೆಯ ಅಣುಗಳು ಭಾರವಾದವು, ನಿಧಾನವಾಗಿ ಆವಿಯಾಗುವಂಥವು. ಹೊಗೆಯೊಡನೆ ಹೊಂದಿಕೊಂಡು ಉಣ್ಣೆಯ ಶಾಲಿನಲ್ಲಿ ಮರುದಿನದವರೆಗೂ ಕುಳಿತಿರುತ್ತವೆ. ನನ್ನ ಆಯ್ಕೆಯಿಂದ ಯಾರಾದರೂ ಏನನ್ನಾದರೂ ಊಹಿಸುವುದಿದ್ದರೆ, ಈಕೆಯ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಊಹಿಸಬಹುದು.

ಕಳೆದ ಆಷಾಢದಲ್ಲಿ ವಿದ್ಯಾರ್ಥಿನಿಯೊಬ್ಬಳು, ಇದನ್ನು ಹಚ್ಚಿಕೊಂಡರೆ ತಾನೂ ಗಂಭೀರವಾಗಿ ಕಾಣಬಹುದೇ ಎಂದು ಸಂಕೋಚದಿಂದ ಕೇಳಿದಳು. ಮಣಿಕಟ್ಟಿಗೆ ಒಂದು ಸಲ ಸಿಂಪಡಿಸಿ, ನಾಲ್ಕು ಗಂಟೆಗೆ ಬಂದು ಹೇಳು ಎಂದೆ. ಬಂದವಳು ಕೈಯನ್ನು ಮತ್ತೆ ಮತ್ತೆ ಮೂಸಿ, ‘ಏನೂ ಬರುತ್ತಿಲ್ಲ ಮೇಡಂ, ಹೋಗಿಬಿಟ್ಟಿದೆ’ ಎಂದು ಬೇಸರಪಟ್ಟಳು. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿ ಸುಮ್ಮನಾಗುತ್ತದೆ ಎಂದು ನಾನು ವಿವರಿಸಲು ಹೊರಟಿದ್ದೆ. ಅಷ್ಟರಲ್ಲಿ ಅವಳ ಜೊತೆ ಬಂದಿದ್ದ ಗೆಳತಿ, ‘ಎಲ್ಲಿ ಹೋಗಿದೆ? ಬೆಳಗ್ಗೆಯಿಂದ ದೇವಸ್ಥಾನದಲ್ಲಿ ಕೂತ ಹಾಗಾಗಿದೆ ನನಗೆ, ಒಂದು ಜೋಕು ಹೇಳುವುದಕ್ಕೂ ಬಿಡಲಿಲ್ಲ’ ಎಂದಳು.