ರೆಕ್ಸ್ ಇಂಗ್ರಮ್: ನಮ್ಮ ಮೇಷ್ಟ್ರು ಪರಿಚಯಿಸಿದ ಶಿಲ್ಪಿ

ಶಿಲ್ಪಕಲಾ ವಿಭಾಗದ ಎರಡನೆಯ ವರ್ಷದಲ್ಲಿ ನಾನು ಜೇಡಿಮಣ್ಣಿನಲ್ಲಿ ಮಾಡಿದ ಮೊದಲ ತಲೆ ನಮ್ಮ ಕಾಲೇಜಿನ ಕಾವಲುಗಾರರದು. ಮೂರು ವಾರ ತಿದ್ದಿ ತೀಡಿ, ರಾತ್ರಿ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿಬಟ್ಟೆ ಸುತ್ತಿಟ್ಟು ಕಾಪಾಡಿದ್ದ ಆ ತಲೆಯನ್ನು ನೋಡಲು ಬಂದ ಮೇಷ್ಟ್ರು, ಚೆನ್ನಾಗಿದೆ ಇಲ್ಲ ಎಂದು ಏನನ್ನೂ ಹೇಳದೆ, ಕಿಟಕಿಗಳನ್ನು ಮುಚ್ಚಿಸಿ, ಟಾರ್ಚ್ ಹಿಡಿದು ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಎದುರಿನಿಂದ ಬೆಳಕು ಬಿದ್ದಾಗ ಮುಖ ಹಪ್ಪಳದಂತೆ ಚಪ್ಪಟೆಯಾಗಿ ಕಂಡಿತು. ಕಿವಿಯ ಹಿಂಬದಿಯಿಂದ ಬಿದ್ದಾಗ ಕೆನ್ನೆಯ ಮೂಳೆ ಎದ್ದು ಬಂದು, ಕಣ್ಣಿನ ಗುಳಿ ಆಳವಾಗಿ, ಅವರ ವಯಸ್ಸೆಲ್ಲ ಅಲ್ಲಿ ಮೂಡಿತು. "ಒಬ್ಬ ಐರಿಷ್ ಹುಡುಗ ಅಮೆರಿಕಕ್ಕೆ ಹೋಗಿ ಇದನ್ನು ಶಿಲ್ಪಶಾಲೆಯಲ್ಲಿ ಕಲಿತ ಕಣಪ್ಪ, ಕಲಿತದ್ದನ್ನೆಲ್ಲ ಸಿನಿಮಾಕ್ಕೆ ಸುರಿದ. ಶನಿವಾರ ಸಂಜೆ ಎಲ್ಲರೂ ಇರಿ" ಎಂದರು. ರೆಕ್ಸ್ ಇಂಗ್ರಮ್ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ಇಂಗ್ರಮ್ ಹುಟ್ಟಿದ್ದು 1892ರಲ್ಲಿ, ಡಬ್ಲಿನ್ ನಗರದಲ್ಲಿ. ತಂದೆ ಚರ್ಚ್ ಆಫ್ ಐರ್ಲೆಂಡಿನ ಪಾದ್ರಿ. ಇಂದು ಆಫಲಿ ಎಂದು ಕರೆಯುವ ಕೌಂಟಿಯ ಕಿನಿಟಿ ಎಂಬ ಹಳ್ಳಿಯಲ್ಲಿ ಅವರ ಬಾಲ್ಯದ ಬಹುಭಾಗ ಕಳೆಯಿತು. ಮನೆಯವರು ಇಟ್ಟ ಪೂರ್ಣ ಹೆಸರು ರೆಜಿನಾಲ್ಡ್ ಇಂಗ್ರಮ್ ಮಾಂಟ್‌ಗೊಮರಿ ಹಿಚ್‌ಕಾಕ್. 1908ರಲ್ಲಿ ತಾಯಿ ತೀರಿಕೊಂಡರು. 1911ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಮಗ ಅಮೆರಿಕದ ಹಡಗು ಹತ್ತಿದರು. ಹೊಟ್ಟೆಪಾಡಿಗೆ ನ್ಯೂ ಹೇವನ್ನಿನ ರೈಲ್ವೆ ಯಾರ್ಡಿನಲ್ಲಿ ದುಡಿಯುತ್ತ, ಯೇಲ್ ವಿಶ್ವವಿದ್ಯಾಲಯದ ಲಲಿತಕಲಾ ಶಾಲೆಯಲ್ಲಿ ಲೀ ಲಾರಿ ಅವರ ಬಳಿ ಶಿಲ್ಪ ಕಲಿತರು. ನ್ಯೂಯಾರ್ಕಿನ ರಾಕಫೆಲರ್ ಸೆಂಟರಿನ ಮುಂದೆ ಆಕಾಶಗೋಲವನ್ನು ಹೆಗಲ ಮೇಲೆ ಹೊತ್ತು ನಿಂತಿರುವ ಅಟ್ಲಾಸ್‌ನ ಕಂಚಿನ ಮೂರ್ತಿಯನ್ನು ಮುಂದೆ ರೂಪಿಸಿದವರು ಇದೇ ಲಾರಿ. ಇಂಗ್ರಮ್ ವ್ಯಾಸಂಗವನ್ನು ಪೂರ್ಣಗೊಳಿಸಲಿಲ್ಲ. 1913ರಲ್ಲಿ ಎಡಿಸನ್ ಕಂಪನಿಯ ಸಿನಿಮಾಗಳಿಗೆ ಹೋಗಿ, ನಟಿಸಿ, ಕಥೆ ಬರೆದು, 1916ರ ಹೊತ್ತಿಗೆ ನಿರ್ದೇಶಕರಾದರು. ಸಿನಿಮಾಕ್ಕೆ ಬಂದವರು ತಂದೆಯ ಮನೆತನದ ಹೆಸರನ್ನು ಬಿಟ್ಟು ತಾಯಿಯ ತವರಿನ ಹೆಸರಾದ ಇಂಗ್ರಮ್ ಎಂಬುದನ್ನು ಉಳಿಸಿಕೊಂಡರು. ಹದಿಹರೆಯದಲ್ಲಿ ತಾಯಿಯನ್ನು ಕಳೆದುಕೊಂಡ ಮಗ ಊರೂರಿನ ಪರದೆಗಳ ಮೇಲೆ ಆಕೆಯ ತವರಿನ ಹೆಸರನ್ನು ಬರೆಸಿದ ಎಂಬ ಸಂಗತಿ ಇಂದಿಗೂ ನನ್ನ ಮನಸ್ಸನ್ನು ಕಲಕುತ್ತದೆ.

ಆ ಶನಿವಾರ ಮಾಡೆಲಿಂಗ್ ಕೊಠಡಿಯ ಗೋಡೆಗೆ ಮೇಷ್ಟ್ರು ತಮ್ಮದೇ ಬಿಳಿ ಪಂಚೆಯನ್ನು ಮೊಳೆ ಹೊಡೆದು ಕಟ್ಟಿದ್ದರು. ಎರವಲು ತಂದ ಪ್ರೊಜೆಕ್ಟರಿನಲ್ಲಿ ಓಡಿದ್ದು 1921ರ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪಾಕಲಿಪ್ಸ್'. ಅದು ಮೂಕಿಚಿತ್ರವಾದ್ದರಿಂದ ನಡುನಡುವೆ ಬರುವ ಬರಹಗಳನ್ನು ಮೇಷ್ಟ್ರು ಕತ್ತಲಲ್ಲಿ ನಿಂತು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ರೀಲು ಬದಲಿಸುವಾಗ ಮಾತ್ರ ದೀಪ ಹಾಕುತ್ತಿದ್ದರು. ಸ್ಪೇನಿನ ಬ್ಲಾಸ್ಕೊ ಇಬಾನ್ಯೆಜ್ ಅವರ ಕಾದಂಬರಿಯನ್ನು ಚಿತ್ರಕ್ಕೆ ಅಳವಡಿಸಿದವರು ಜೂನ್ ಮ್ಯಾಥಿಸ್. ಅಲ್ಲಿಯವರೆಗೆ ಚಿಕ್ಕಪುಟ್ಟ ಪಾತ್ರಗಳಲ್ಲೇ ಉಳಿದಿದ್ದ, ತಾನೂ ಇಟಲಿಯಿಂದ ವಲಸೆ ಬಂದ ರುಡಾಲ್ಫ್ ವ್ಯಾಲೆಂಟಿನೊ ನಾಯಕನಾಗಬೇಕೆಂದು ಪಟ್ಟು ಹಿಡಿದವರೂ ಅವರೇ. ಹೊಗೆ ತುಂಬಿದ ಹೆಂಡದಂಗಡಿಯಲ್ಲಿ ವ್ಯಾಲೆಂಟಿನೊ ಟ್ಯಾಂಗೊ ಕುಣಿಯುವ ದೃಶ್ಯ ಬಂದಾಗ ಮೇಷ್ಟ್ರು ಬರಹ ಓದುವುದನ್ನೂ ಮರೆತು ನನ್ನ ಭುಜ ಮುಟ್ಟಿ, "ಬೆಳಕು ಎಲ್ಲಿಂದ ಬರ್ತಿದೆ ನೋಡು" ಎಂದರು. ಹಿಂದಿನ ಹೊಗೆಯಿಂದ ಬೇರ್ಪಟ್ಟು ನಿಂತ ಆ ಮುಖಗಳಲ್ಲಿ, ಮೂರು ದಿನಗಳ ಹಿಂದೆ ಟಾರ್ಚಿನ ಬೆಳಕಿನಲ್ಲಿ ಕಂಡ ನನ್ನ ಮಣ್ಣಿನ ತಲೆಯೇ ಕಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತವರ ಶಿಲುಬೆಗಳು ಕಣ್ಣು ಹರಿಯುವಷ್ಟು ದೂರ ಹರಡಿದ ಬಯಲು ಕೊನೆಯಲ್ಲಿ ಕಾಣಿಸಿಕೊಂಡಾಗ ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿ ಪಂಚೆ ಅಲುಗಿತು. ಅದರೊಂದಿಗೆ ಆ ಶಿಲುಬೆಗಳೂ ಅಲುಗಿದವು. ಇಂಗ್ರಮ್ ಅವರ ತಮ್ಮ ಆ ಯುದ್ಧದ ಕಂದಕಗಳಲ್ಲಿ ಕಾದಾಡಿದ್ದವರು ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಆ ದೃಶ್ಯವನ್ನು ನಾನು ಬೇರೆಯೇ ರೀತಿಯಲ್ಲಿ ನೋಡುತ್ತ ಬಂದಿದ್ದೇನೆ.

ಚಿತ್ರ ಅಪಾರ ಜನಪ್ರಿಯವಾಯಿತು. ವ್ಯಾಸಂಗ ಮುಗಿಸದ ಹಳೆಯ ವಿದ್ಯಾರ್ಥಿಗೆ ಯೇಲ್ ಪದವಿ ನೀಡಿ ಗೌರವಿಸಿತು. ಅದೇ ವರ್ಷ ತಮ್ಮ ಚಿತ್ರಗಳ ನಾಯಕಿ ಆಲಿಸ್ ಟೆರಿಯವರನ್ನು ಇಂಗ್ರಮ್ ಮದುವೆಯಾದರು. ಆದರೆ ಸ್ಟುಡಿಯೊಗಳ ದೊಡ್ಡ ಧಣಿಗಳೊಂದಿಗೆ ಅವರಿಗೆ ಹೊಂದಿಕೆಯಾಗಲಿಲ್ಲ. ಗೆಳೆಯ ಎರಿಕ್ ಫಾನ್ ಸ್ಟ್ರೋಹೈಮ್ ತಮ್ಮ 'ಗ್ರೀಡ್' ಚಿತ್ರವನ್ನು ಮೊಟಕುಗೊಳಿಸಲೇಬೇಕಾಗಿ ಬಂದಾಗ ನಂಬಿ ಒಪ್ಪಿಸಿದ್ದು ಇಂಗ್ರಮ್ ಅವರ ಕೈಗೆ. ಅವರ ಕಡೆಯವರು ಅದನ್ನು ಹದಿನೆಂಟು ರೀಲುಗಳಿಗೆ ಇಳಿಸಿದರು. ಸ್ಟುಡಿಯೊ ಅಷ್ಟಕ್ಕೂ ತೃಪ್ತಿಪಡದೆ ಹತ್ತಕ್ಕೆ ಕತ್ತರಿಸಿತು. ಮಾಡಿದ ಮೂರ್ತಿಯ ಕೈಕಾಲು ಮುರಿದದ್ದನ್ನು ಕಂಡ ಶಿಲ್ಪಿಗೆ ಆಗುವ ಸಂಕಟ ಅದು ಎಂದು ನಾನು ಭಾವಿಸುತ್ತೇನೆ. ಕೆಲವೇ ದಿನಗಳಲ್ಲಿ ಇಂಗ್ರಮ್ ಹಾಲಿವುಡ್ಡನ್ನೇ ಬಿಟ್ಟು ಫ್ರಾನ್ಸಿನ ಕಡಲತೀರದ ನೀಸ್ ನಗರದಲ್ಲಿ, ವಿಕ್ಟೊರೀನ್ ಸ್ಟುಡಿಯೊದಲ್ಲಿ ನೆಲೆನಿಂತರು. 'ಮಾರೆ ನೋಸ್ಟ್ರಮ್' ಅಲ್ಲಿಯ ಕಾಲದ ಕೃತಿ. ಮುಂದೆ ಇಂಗ್ಲೆಂಡಿನ ದೊಡ್ಡ ನಿರ್ದೇಶಕರಾದ ಮೈಕೆಲ್ ಪವೆಲ್ ಹುಡುಗನಾಗಿ ಕೆಲಸ ಕಲಿತದ್ದು ಅಲ್ಲೇ, ಇವರ ತಂಡದಲ್ಲಿಯೇ. ಇಂಗ್ರಮ್ ಮಾಡಿದ ಮಾತಿನ ಚಿತ್ರ ಒಂದೇ ಒಂದು, ಮೊರಾಕೊದಲ್ಲಿ ಚಿತ್ರೀಕರಿಸಿದ 'ಬರೂದ್'. ಆಮೇಲೆ ಅವರು ಸಿನಿಮಾ ಮಾಡಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಮರಳಿ, ಬರೆಯುತ್ತ, ಶಿಲ್ಪ ಮಾಡುತ್ತ ಉಳಿದ ವರ್ಷಗಳನ್ನು ಕಳೆದರು.

ಕಾಲೇಜು ಬಿಟ್ಟ ಮೇಲೆ ನಾನು ಮುಂಬಯಿಗೆ ಹೋಗಿ ಸಿನಿಮಾ ಸೆಟ್ಟುಗಳಿಗೆ ಪ್ಲಾಸ್ಟರಿನ ಕಂಬ, ಮೂರ್ತಿಗಳನ್ನು ಎರಕ ಹೊಯ್ಯುವ ಕೆಲಸ ಹಿಡಿದೆ. ಅಲ್ಲಿ ಒಂದು ರಾತ್ರಿ 'ಸನ್‌ಸೆಟ್ ಬುಲೆವಾರ್ಡ್' ನೋಡಿದೆ. ಜನ ಮರೆತ ಮೂಕಿಚಿತ್ರದ ತಾರೆಯೊಬ್ಬಳ ಕಥೆ ಅದು. ಆಕೆಯ ಮನೆಯಾಳಿನ ಪಾತ್ರದಲ್ಲಿ ಸ್ಟ್ರೋಹೈಮ್ ಇದ್ದರು. ಛಾಯಾಗ್ರಾಹಕರ ಹೆಸರು ಜಾನ್ ಸೈಟ್ಜ್ ಎಂದಿತ್ತು, ಹೊಗೆ ತುಂಬಿದ ಆ ಟ್ಯಾಂಗೊ ದೃಶ್ಯಕ್ಕೆ ಇಂಗ್ರಮ್ ಜೊತೆಗೂಡಿ ಬೆಳಕು ಕೂಡಿಸಿದ್ದ ಅದೇ ಸೈಟ್ಜ್. ತನ್ನ ಮನೆಯ ನೆಲ ತೋರಿಸುತ್ತ ಆ ತಾರೆ ಟ್ಯಾಂಗೊ ಕುಣಿತಕ್ಕೆ ವ್ಯಾಲೆಂಟಿನೊ ಹೆಸರನ್ನು ನೆನೆಯುತ್ತಾಳೆ. ಇಂಗ್ರಮ್ ಹೆಸರು ಅಲ್ಲಿ ಬರುವುದಿಲ್ಲ. ಆ ಚಿತ್ರ ತೆರೆಕಂಡದ್ದು 1950ರ ಆಗಸ್ಟಿನಲ್ಲಿ. ಇಂಗ್ರಮ್ ತೀರಿಕೊಂಡದ್ದು ಅದೇ ವರ್ಷದ ಜುಲೈ 21ರಂದು.

ಮೇಷ್ಟ್ರು ಈಗಿಲ್ಲ. ಕಾವಲುಗಾರರ ಆ ತಲೆಯನ್ನು ಅವರೇ ಮುಂದೆ ನಿಂತು ಪ್ಲಾಸ್ಟರಿನಲ್ಲಿ ಅಚ್ಚು ತೆಗೆಸಿದ್ದರು. ಅದು ವಿಭಾಗದ ಕಪಾಟಿನ ಮೇಲೆ, ಬಾಗಿಲಿನ ಎಡಗಡೆ ಇದೆ ಎಂದು ಕಳೆದ ವರ್ಷ ಬಂದಾಗ ಕಂಡುಕೊಂಡೆ. ಈ ಬರಹ ಓದುವ ವಿದ್ಯಾರ್ಥಿಗಳು ಯಾರಾದರೂ ಒಂದು ಸಂಜೆ ಅದನ್ನು ಕೆಳಗಿಳಿಸಿ, ಕಿಟಕಿಗಳನ್ನು ಮುಚ್ಚಿ, ಎಡಗಿವಿಯ ಹಿಂದಿನಿಂದ ಟಾರ್ಚ್ ಹಿಡಿದು ನೋಡಬೇಕೆಂದು ಕೋರುತ್ತೇನೆ.