ಪಕ್ ಬಿಲ್ಡಿಂಗ್ ಮತ್ತು ಕಲ್ಲಚ್ಚು

ನ್ಯೂಯಾರ್ಕಿನ ಹೌಸ್ಟನ್ ಮತ್ತು ಮಲ್ಬೆರಿ ಬೀದಿಗಳು ಕೂಡುವ ಮೂಲೆಯಲ್ಲಿ ತಲೆಯೆತ್ತಿದರೆ ಕೆಂಪು ಇಟ್ಟಿಗೆ ಗೋಡೆಯ ಮೇಲೊಬ್ಬ ಬಂಗಾರದ ಬಣ್ಣದ ಗುಂಡು ಹುಡುಗ ಕಾಣುತ್ತಾನೆ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಲೇಖನಿ. ಇವನೇ ಪಕ್, ಜೋಸೆಫ್ ಕೆಪ್ಲರ್ ಕಟ್ಟಿ ಬೆಳೆಸಿದ ವ್ಯಂಗ್ಯಚಿತ್ರ ವಾರಪತ್ರಿಕೆಯ ಗುರುತು. 1885-86ರಲ್ಲಿ ಆಲ್ಬರ್ಟ್ ವ್ಯಾಗ್ನರ್ ವಿನ್ಯಾಸದಲ್ಲಿ ಎದ್ದ ಈ ಏಳಂತಸ್ತಿನ ಕಟ್ಟಡದಲ್ಲಿ ಪತ್ರಿಕೆಯ ಜೊತೆ ಅದನ್ನು ಅಚ್ಚು ಹಾಕುತ್ತಿದ್ದ ಆಟ್‌ಮನ್ ಕಲ್ಲಚ್ಚು ಕಂಪನಿಯೂ ಇತ್ತು. ಸಾಲು ಸಾಲು ಕಮಾನು ಕಿಟಕಿಗಳ ಚೆಲುವನ್ನು ಎಲ್ಲರೂ ಹೊಗಳುತ್ತಾರೆ. ಬಣ್ಣ ಹೊಂದಿಸುವವನಿಗೆ ಬೆಳಕು ಎಷ್ಟಿದ್ದರೂ ಸಾಲದು ಎಂಬುದು ಅಚ್ಚುಕೂಟದವರಿಗೆ ಗೊತ್ತು.

ಕಲ್ಲಚ್ಚಿಗೆ ಬವೇರಿಯಾದ ನಯವಾದ ಸುಣ್ಣಕಲ್ಲೇ ಬೇಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪದ ಕಲ್ಲೊಂದು ಸುಮಾರು 70 ಕೆಜಿ ತೂಗುತ್ತದೆ. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆದು, ತುಸು ನೈಟ್ರಿಕ್ ಆಮ್ಲ ಬೆರೆಸಿದ ಗಮ್ ಅರೇಬಿಕ್ ಅಂಟು ಬಳಿಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ ಜಿಡ್ಡಿರುವಲ್ಲಿ ಶಾಯಿ ಹಿಡಿಯುತ್ತದೆ, ಉಳಿದ ಕಡೆ ನೀರು ಅದನ್ನು ತಡೆಯುತ್ತದೆ. ಆಮ್ಲ ಹೆಚ್ಚಾದರೆ ನವಿರು ಗೆರೆಗಳು ಕರಗುತ್ತವೆ. ಕಡಿಮೆಯಾದರೆ ಖಾಲಿ ಜಾಗಕ್ಕೂ ಶಾಯಿ ಹತ್ತಿ ಹಾಳೆಯೆಲ್ಲ ಮಸಿ.

ನಾಲ್ಕು ಬಣ್ಣವೆಂದರೆ ನಾಲ್ಕು ಕಲ್ಲು, ಹಾಳೆಯೂ ನಾಲ್ಕು ಸಲ ಯಂತ್ರಕ್ಕೆ ಹೋಗಬೇಕು. ನಿಜವಾದ ತಲೆನೋವು ಇಲ್ಲಿದೆ. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವ ಹೊಂದಿಕೆ, ಕೂದಲೆಳೆಯಷ್ಟು ತಪ್ಪಿದರೂ ರಾಜಕಾರಣಿಯ ತುಟಿಯ ಕೆಂಪು ಕೆನ್ನೆಗೆ ಹೋಗಿರುತ್ತದೆ. ಅದಕ್ಕೇ ಕಾಗದದ ಕಟ್ಟನ್ನು ಮೊದಲೇ ಯಂತ್ರದ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಒಗ್ಗಿಸುವುದು. ಕೆಲಸ ಮುಗಿದ ಮೇಲೆ ಎರಡು ಕಲ್ಲುಗಳ ನಡುವೆ ಮರಳು, ನೀರು ಹಾಕಿ ಉಜ್ಜಿದರೆ ಹಳೆಯ ಚಿತ್ರ ಮಾಯ, ಕಲ್ಲು ಮತ್ತೆ ಸಿದ್ಧ. (1843ರ ನಮ್ಮ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ, ಬಣ್ಣದ ರಗಳೆಯಿಲ್ಲದೆ.)

ಪಕ್ ಬಿಲ್ಡಿಂಗಿನ, ಇಂದು ಎಲ್ಲರೂ ಫೋಟೊ ತೆಗೆಯುವ ಲಫಾಯೆಟ್ ಬೀದಿಯ ಕಡೆಯ ಮುಖ ಮೂಲದ್ದಲ್ಲ. 1899ರಲ್ಲಿ ಆ ಬೀದಿ ಹಾಯಿಸಲು ಕಟ್ಟಡದ ಪಶ್ಚಿಮದ ಭಾಗವನ್ನೇ ಕತ್ತರಿಸಿ ಹೊಸ ಗೋಡೆ ಕಟ್ಟಿದರು, ಬಾಗಿಲ ಮೇಲೆ ಎರಡನೇ ಪಕ್ ನಿಂತ. ಪತ್ರಿಕೆ 1918ರಲ್ಲಿ ನಿಂತಿತು. 1983ರಿಂದ ಕಟ್ಟಡ ನಗರದ ಸಂರಕ್ಷಿತ ಪಟ್ಟಿಯಲ್ಲಿದೆ. ನೋಡಹೋಗುವವರು ಮಲ್ಬೆರಿ ಬೀದಿಯ ಕಡೆಯಿಂದ ದಕ್ಷಿಣಕ್ಕೆ ನಡೆಯಿರಿ. ಏಳಂತಸ್ತು ಮುಗಿದು ಒಂಬತ್ತಂತಸ್ತು ಶುರುವಾಗುವಲ್ಲಿ 1892-93ರ ವಿಸ್ತರಣೆ ಸಿಗುತ್ತದೆ.